ರಾತ್ರಿ ಹನ್ನೊಂದೂವರೆಗೆ ಕರಡಿಯಾಗುವ ತಮ್ಮ

ನಿಮ್ಮ ಮನೆಯಲ್ಲೂ ಹೀಗೇ ಇರಬೇಕು. ರಾತ್ರಿ ಊಟ ಮುಗಿದು, ಪಾತ್ರೆ ತೊಳೆದು, ಗ್ಯಾಸ್ ಬಂದ್ ಮಾಡಿ ಮಲಗಲು ಹೊರಟರೆ ಒಂದು ಕೋಣೆಯಲ್ಲಿ ಮಾತ್ರ ಇನ್ನೂ ಬೆಳಕು. ಬಾಗಿಲು ಸರಿಸಿ ನೋಡಿದರೆ ಮಗನೋ ಮೈದುನನೋ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದಾನೆ. ಕೇಳಿದರೆ "ಐದೇ ನಿಮಿಷ" ಅನ್ನುತ್ತಾನೆ. ಆ ಐದು ನಿಮಿಷ ಎಷ್ಟು ಉದ್ದ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ನಮ್ಮಲ್ಲಿ ಹಾಗೆ ಕೂತವನು ನನ್ನ ತಮ್ಮ. ಬೈಯುವುದು ಬಿಟ್ಟು ನಾನು ಅವನ ಪಕ್ಕದಲ್ಲಿ ಕೂತ ಕಥೆ ಹೇಳುತ್ತೇನೆ, ಕೇಳಿ.

2020ರ ಯುಗಾದಿಗೆಂದು ಮಗಳನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ತವರಿಗೆ, ಚಿಮ್ಮಡಕ್ಕೆ ಹೋಗಿದ್ದೆ. ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು, ಮರುದಿನವೇ ಹಬ್ಬ. ಬೇವು-ಬೆಲ್ಲ ತಿಂದು ಅಲ್ಲೇ ಉಳಿದೆ. ಬನಹಟ್ಟಿಯ ಮಗ್ಗಗಳ ಸದ್ದು ಕೂಡ ನಿಂತುಹೋದ ದಿನಗಳವು. ಬೆಂಗಳೂರಿನಲ್ಲಿದ್ದ ತಮ್ಮ ಅದಾಗಲೇ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದಿದ್ದ. ಹಗಲೆಲ್ಲ ಆಫೀಸಿನ ಕೆಲಸ ಅನ್ನುತ್ತಿದ್ದ. ರಾತ್ರಿ ಹನ್ನೊಂದಾದರೆ ಮಾಳಿಗೆ ಹತ್ತಿ, ನೆಟ್‌ವರ್ಕ್ ಸಿಗುವ ಮೂಲೆಯಲ್ಲಿ ಮೊಬೈಲ್ ಇಟ್ಟು ಹಾಟ್‌ಸ್ಪಾಟ್ ಹಚ್ಚಿ ಕೂತನೆಂದರೆ ಏಳುತ್ತಿದ್ದುದು ಎರಡೂವರೆಗೆ. "ಹುಡುಗ ಕೆಟ್ಟಾನ ನೋಡು. ನೀನರ ಕೇಳವಾ" ಅಂತ ಅವ್ವ ನನ್ನ ಹಿಂದೆ ಬಿದ್ದಳು.

ಒಂದು ರಾತ್ರಿ ಮಜ್ಜಿಗೆ ತಂಬಿಗೆ ಹಿಡಿದುಕೊಂಡು ಮಾಳಿಗೆ ಹತ್ತಿದೆ. ತೆರೆಯ ಮೇಲೆ ಒಂದು ದೊಡ್ಡ ಕರಡಿ! ನೋಡುತ್ತಿದ್ದಂತೆ ಕರಡಿ ಹೋಗಿ ಮನುಷ್ಯನಾಯಿತು, ಕೈ ಎತ್ತಿತು, ಹಸಿರು ಬೆಳಕು ಚೆಲ್ಲಿತು. "ಇದು ನಾನು" ಅಂದ ತಮ್ಮ.

ಆಟದ ಹೆಸರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಅಮೆರಿಕದ ಬ್ಲಿಝಾರ್ಡ್ ಕಂಪನಿ 2004ರ ನವೆಂಬರಿನಲ್ಲಿ ಬಿಟ್ಟದ್ದು. ಬೇರೆ ಬೇರೆ ದೇಶದ ಜನ ಒಂದೇ ಮಾಯಾಲೋಕದೊಳಗೆ ಸೇರಿ ಆಡುವ ಆಟ. ಪ್ರತಿಯೊಬ್ಬರೂ ಮೊದಲು ಒಂದು 'ಕ್ಲಾಸ್' ಆರಿಸಿಕೊಳ್ಳಬೇಕು. ಅಂದರೆ ಯೋಧ, ಮಂತ್ರವಾದಿ, ಪಾದ್ರಿ, ಬೇಟೆಗಾರ, ಹೀಗೆ. ಐದು ಜನರ ಗುಂಪಾದರೆ ಒಬ್ಬರು ಮುಂದೆ ನಿಂತು ಶತ್ರುವಿನ ಏಟು ತಿನ್ನಬೇಕು, ಅವರಿಗೆ ಟ್ಯಾಂಕ್ ಅಂತ ಹೆಸರು. ಒಬ್ಬರು ಹಿಂದೆ ನಿಂತು ಗಾಯ ಮಾಯಿಸಬೇಕು, ಅವರು ಹೀಲರ್. ಉಳಿದ ಮೂವರ ಕೆಲಸ ಹೊಡೆಯುವುದಷ್ಟೇ.

ನನ್ನ ತಮ್ಮ ಆರಿಸಿಕೊಂಡದ್ದು ಡ್ರೂಯಿಡ್. ಯುರೋಪಿನ ಪ್ರಾಚೀನ ಕೆಲ್ಟ್ ಜನರ ಪುರೋಹಿತರಿಗೆ ಇದ್ದ ಹೆಸರದು. ಆಟದಲ್ಲಿ ಮಾತ್ರ ಇವನು ಹೈಬ್ರಿಡ್ ಮಂತ್ರಗಾರ. ಕರಡಿಯಾಗಿ ಏಟು ತಿನ್ನಬಲ್ಲ, ಬೆಕ್ಕಿನ ಜಾತಿಯ ಪ್ರಾಣಿಯಾಗಿ ಪರಚಬಲ್ಲ, ದೂರ ನಿಂತು ಚಂದ್ರನ ಬೆಂಕಿ ಎಸೆಯಬಲ್ಲ, ಗಾಯವನ್ನೂ ಮಾಯಿಸಬಲ್ಲ. ಸತ್ತು ಬಿದ್ದವನನ್ನು ಜಗಳದ ನಡುವೆಯೇ ಎಬ್ಬಿಸುವ ಮಂತ್ರವೂ ಉಂಟು. ಆದರೆ ಅದನ್ನು ಒಮ್ಮೆ ಬಳಸಿದರೆ ಮತ್ತೆ ಸಿಗಲು ಬಹಳ ಹೊತ್ತು ಕಾಯಬೇಕು.

ಮರುದಿನ ಅವ್ವನಿಗೆ ಇದನ್ನೆಲ್ಲ ವಿವರಿಸಿದೆ. ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡು, "ಹಂಗಂದ್ರ ಪಾರಿಜಾತದಾಗ ಭಾಗವತ ಇದ್ದಂಗ ಅನ್ನು. ಹಾಡಂದ್ರ ಹಾಡ್ತಾನ, ಸಖಿ ಆಗಂದ್ರ ಆಗ್ತಾನ, ನಗಸಂದ್ರ ನಗಸ್ತಾನ" ಅಂದಳು. ನಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತ ಬೆಳತನಕ ನೋಡಿದವಳಿಗೆ ಕಂಪ್ಯೂಟರ್ ಆಟ ಇಷ್ಟು ಬೇಗ ಅರ್ಥವಾಯಿತು! ನಾನು ಬಿ.ಎ. ಓದಿದವಳು, ನನಗೆ ಒಂದು ವಾರ ಬೇಕಾಯಿತು.

ಹನ್ನೊಂದೂವರೆಯ ಗುಟ್ಟೂ ಆಗಲೇ ತಿಳಿದದ್ದು. ಅವನ ಗುಂಪಿನವರೆಲ್ಲ ಯುರೋಪಿನವರು. ಬೇಸಿಗೆಯಲ್ಲಿ ಜರ್ಮನಿಗಿಂತ ನಮ್ಮ ಗಡಿಯಾರ ಮೂರೂವರೆ ಗಂಟೆ ಮುಂದೆ. ಅವರು ಊಟ ಮುಗಿಸಿ ಎಂಟಕ್ಕೆ ಕೂತರೆ ಚಿಮ್ಮಡದಲ್ಲಿ ಹನ್ನೊಂದೂವರೆ. ಆ ಆಟದ ಅತಿ ಕಠಿಣ ಕಾಳಗಗಳಿಗೆ ಸರಿಯಾಗಿ ಇಪ್ಪತ್ತು ಜನ ಬೇಕು. ಹೀಲರ್ ನಡುವೆ ಎದ್ದು ಹೋದರೆ ಉಳಿದ ಹತ್ತೊಂಬತ್ತು ಮಂದಿ ಸಾಯುತ್ತಾರೆ. "ಐದು ನಿಮಿಷ" ಅನ್ನುವುದು ಯಾವಾಗಲೂ ಸುಳ್ಳಲ್ಲ ನೋಡಿ. ಕೆಲವು ಸಲ ನಿಜಕ್ಕೂ ನಡುವೆ ಏಳಲು ಬರುವುದಿಲ್ಲ. ಹಾಗಂತ ದಿನಾ ಎರಡೂವರೆ ತನಕ ಕೂರುವುದು ಸರಿಯೇ ಅಂತ ಕೇಳಬೇಡಿ. ಆ ಮಾತಿಗೂ ಬರುತ್ತೇನೆ.

ಲಾಕ್‌ಡೌನ್ ಬೇಸರ. ನಾನೂ ಆಡಿ ನೋಡಲೇ ಅಂದೆ. ತಮ್ಮನ ಕಾಲೇಜಿನ ಕಾಲದ ಹಳೇ ಲ್ಯಾಪ್‌ಟಾಪ್ ಅಟ್ಟದಲ್ಲಿತ್ತು. ದಿನಕ್ಕೆ ಒಂದೂವರೆ ಜಿಬಿ ಡಾಟಾದಲ್ಲಿ ಅಷ್ಟು ದೊಡ್ಡ ಆಟ ಇಳಿಯುವುದು ಯಾವ ಕಾಲಕ್ಕೆ? ಅವನ ಲ್ಯಾಪ್‌ಟಾಪಿನಿಂದ ಹಾರ್ಡ್ ಡಿಸ್ಕಿಗೆ, ಅಲ್ಲಿಂದ ನನ್ನದಕ್ಕೆ ಕಾಪಿ ಮಾಡಿಕೊಟ್ಟ. 20ನೇ ಮಟ್ಟದವರೆಗೆ ದುಡ್ಡು ಕೊಡದೆ ಆಡಬಹುದು. ನಾನೂ ಒಬ್ಬ ಡ್ರೂಯಿಡ್ ಹೆಂಗಸನ್ನು ಮಾಡಿಕೊಂಡೆ. ಜೊತೆಗೆ ಬರಲೆಂದು ಅವನು ಹೊಸದಾಗಿ ಒಬ್ಬ ಯೋಧನನ್ನು ಶುರು ಮಾಡಿದ.

ಮೊದಲ ಗುಹೆಯಲ್ಲೇ ನನ್ನ ಮರ್ಯಾದೆ ಹೋಯಿತು. ಎಲ್ಲಾ ಬರುತ್ತದಲ್ಲ ಅಂತ ಎಲ್ಲಾ ಮಾಡಲು ಹೋದೆ. ಒಂದು ಮಂತ್ರ ತಮ್ಮನಿಗೆ ಹಾಕಿದೆ, ಚಂದ್ರನ ಬೆಂಕಿ ಎಸೆದೆ, ಬೆಕ್ಕಾಗಿ ಓಡಿಹೋಗಿ ಪರಚಿದೆ. ಅಷ್ಟರಲ್ಲಿ ಅವನ ಜೀವ ಅರ್ಧಕ್ಕಿಳಿದಿತ್ತು. ಗುಣಪಡಿಸಲು ನೋಡಿದರೆ ಪ್ರಾಣಿಯ ರೂಪದಲ್ಲಿ ಆ ಮಂತ್ರ ನಡೆಯುವುದಿಲ್ಲ, ಮೊದಲು ಮನುಷ್ಯಳಾಗಬೇಕು! ಆಗುವಷ್ಟರಲ್ಲಿ ಐವರೂ ಮಲಗಿದ್ದೆವು. ತಮ್ಮ ಹೆಡ್‌ಫೋನ್ ತೆಗೆದಿಟ್ಟು, "ಅಕ್ಕಾ, ಕಿಚಡಿ ಜಾತ್ರಿ ಮಾಡಿದಿ ನೋಡು" ಅಂದ. (ನಮ್ಮೂರ ಪ್ರಭುಲಿಂಗೇಶ್ವರ ಜಾತ್ರೆಗೆ ಕಿಚಡಿ ಜಾತ್ರೆ ಅಂತಲೇ ಹೆಸರು. ಕಿಚಡಿ ಅಲ್ಲಿ ಪ್ರಸಾದ, ಗುಹೆಯಲ್ಲಿ ಅಲ್ಲ.) "ನಾಕೂ ಕೆಲಸ ಬರ್ತಾವ ಅಂದ್ರ ನಾಕೂ ಈಗ ಮಾಡು ಅಂತಲ್ಲ. ಒಳಗ ಹೋಗೂ ಮೊದಲ, ಇವತ್ತು ನೀ ಏನು ಅನ್ನೂದು ಹೇಳು. ಒಂದ ಹೇಳು, ಅದನ್ನ ಮಾಡು."

ಅಂದಿನಿಂದ ನಾನು ಹೀಲರ್. ಡ್ರೂಯಿಡ್ ಗಾಯ ಮಾಯಿಸುವ ರೀತಿ ಬೇರೆ. ಏಟು ಬಿದ್ದ ಮೇಲೆ ಗಡಿಬಿಡಿಯಲ್ಲಿ ದೊಡ್ಡ ಮಂತ್ರ ಹಾಕುವುದಕ್ಕಿಂತ, ಬೀಳುತ್ತದೆ ಅಂತ ಗೊತ್ತಾದಾಗಲೇ 'ರಿಜುವನೇಶನ್' ಎಂಬ ಸಣ್ಣ ಮಂತ್ರ ಹಾಕಿಡುವುದು. ಅದು ಸ್ವಲ್ಪ ಸ್ವಲ್ಪವಾಗಿ ಜೀವ ತುಂಬುತ್ತಾ ಹೋಗುತ್ತದೆ, ಹಾಲಿಗೆ ಮೊದಲೇ ಹೆಪ್ಪು ಹಾಕಿಟ್ಟ ಹಾಗೆ. ನೆಟ್‌ವರ್ಕ್ ಎಳೆದಾಡುವ ಊರಲ್ಲಿ ಇದೇ ಒಳ್ಳೆಯದು. ಒತ್ತಿದ್ದು ಒಂದು ಕ್ಷಣ ತಡವಾಗಿ ಮುಟ್ಟಿದರೂ ಹಿಂದೆ ಹಾಕಿದ್ದು ಕೆಲಸ ಮಾಡುತ್ತಿರುತ್ತದೆ. ಆದರೆ ಮಾನಾ ಎಂಬ ಮಂತ್ರಶಕ್ತಿಗೆ ಮಿತಿಯಿದೆ. ಎಲ್ಲರ ಮೇಲೂ ಸುರಿದು ಖಾಲಿ ಮಾಡಿಕೊಂಡರೆ ನಿಜವಾಗಿ ಬೇಕಾದಾಗ ಕೈ ಬರಿದು. ಯಾರ ಗಾಯ ಸ್ವಲ್ಪ ಹೊತ್ತು ಕಾಯಬಹುದು ಎಂಬುದನ್ನು ತಿಳಿಯುವುದೇ ಹೆಚ್ಚಿನ ಕಷ್ಟ.

ಹೈಬ್ರಿಡ್‌ಗಳ ಒಂದು ಹಳೇ ದೂರನ್ನೂ ತಮ್ಮ ಹೇಳಿದ. ಆಟದ ಮೊದಲ ವರ್ಷಗಳಲ್ಲಿ ನಲವತ್ತು ಜನರ ಗುಂಪುಗಳಿರುತ್ತಿದ್ದವು. ಕರಡಿಯಾಗುವ ಆಸೆಯಿಂದ ಬಂದ ಡ್ರೂಯಿಡ್‌ಗೂ "ನೀನು ಹಿಂದೆ ನಿಂತು ಗಾಯ ಮಾಯಿಸು ಸಾಕು" ಅನ್ನುತ್ತಿದ್ದರಂತೆ. ನಾಲ್ಕು ಕೆಲಸ ಬಲ್ಲವನು ಒಂದೇ ಕೆಲಸದವನಷ್ಟು ಜೋರಾಗಿ ಹೊಡೆಯಬಾರದು ಅಂತ ಆಟ ಮಾಡಿದವರೂ ಸ್ವಲ್ಪ ಕಡಿತ ಇಟ್ಟಿದ್ದರು. ಆಡುವವರು ಅದಕ್ಕೆ 'ಹೈಬ್ರಿಡ್ ತೆರಿಗೆ' ಅಂತ ಹೆಸರಿಟ್ಟರು. ಆ ತೆರಿಗೆ ಕಟ್ಟುವವರು ಆಟದ ಹೊರಗೂ ಇದ್ದೇವೆ ಬಿಡಿ! ಈಗ ಆ ಕಾಲ ಹೋಗಿದೆ. ಜಗಳ ನಡೆಯದ ಹೊತ್ತಿನಲ್ಲಿ ಪಾತ್ರ ಬದಲಿಸಲು ಮೊದಲಿನಂತೆ ಆಟದ ಚಿನ್ನವನ್ನೂ ತೆರಬೇಕಿಲ್ಲ.

ಮೇ ತಿಂಗಳಿರಬೇಕು. ಮಧ್ಯಾಹ್ನ ಅವ್ವ ಮಲಗಿದ್ದಳು. ತಮ್ಮ ಮಾಳಿಗೆಯಲ್ಲಿ, ನಾನು ಪಡಸಾಲೆಯಲ್ಲಿ, ಇಬ್ಬರೂ ಒಂದೇ ಗುಹೆಯಲ್ಲಿ. ಅವನ ಯೋಧ ಇದ್ದಕ್ಕಿದ್ದಂತೆ ನಿಂತುಬಿಟ್ಟ. ಆಟದೊಳಗಿನ ಮಾತಿನ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಒಂದು ಸಾಲು ಬಂತು: "ಅಕ್ಕಾ, ಕೆಲಸ ಹೋಗಿ ತಿಂಗಳಾತು. ಅವ್ವಗ ಹೇಳಬ್ಯಾಡ."

ಹಗಲೆಲ್ಲ ಆಫೀಸ್ ಕೆಲಸ ಅಂತ ಕೂರುತ್ತಿದ್ದನಲ್ಲ, ಅದೆಲ್ಲ ಬರೀ ಕೂರುವುದಾಗಿತ್ತು. ನನಗೆ ಏನು ಬರೆಯಬೇಕೋ ತಿಳಿಯಲಿಲ್ಲ. ಎದುರಿಗಿದ್ದ ರಾಕ್ಷಸ ಅವನನ್ನು ಹೊಡೆಯುತ್ತಲೇ ಇತ್ತು, ನಾನು ಒಂದರ ಮೇಲೊಂದು ರಿಜುವನೇಶನ್ ಹಾಕುತ್ತಲೇ ಇದ್ದೆ. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ ಮೇಲೆ ಹೋದೆ. ಎದುರು ಕೂತಿದ್ದರೆ ಅವನು ಆ ಮಾತನ್ನು ಆಡುತ್ತಿರಲಿಲ್ಲ, ನಾನು ಬಲ್ಲೆ. ಅವ್ವನಿಗೆ ಇಬ್ಬರೂ ಕೂಡಿ ಹೇಳಿದ್ದು ಮೂರು ದಿನದ ಮೇಲೆ. ಅವಳು ಅತ್ತಳು, ಬೈದಳು, ಆ ರಾತ್ರಿ ಮಜ್ಜಿಗೆ ತಾನೇ ತೆಗೆದುಕೊಂಡು ಹೋದಳು.

ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಕೆಲಸವಿಲ್ಲದ ಆ ದಿನಗಳಲ್ಲಿ ಅವನು ಹಗಲೂ ಆಡತೊಡಗಿದ. ಅರ್ಜಿ ಹಾಕುವುದನ್ನು ಮುಂದೂಡಿದ, ಸ್ನಾನವನ್ನೂ ಮುಂದೂಡಿದ. ನಾವಿಬ್ಬರೂ ಕೂತು ವಾರಕ್ಕೆ ಎರಡೇ ರಾತ್ರಿ ಅಂತ ಗೊತ್ತು ಮಾಡಿದೆವು. ಗುಂಪಿನವರಿಗೆ ಅವನೇ ತಿಳಿಸಿದ. ಅವರಲ್ಲಿ ಯಾರೂ ಮುನಿಸಿಕೊಳ್ಳಲಿಲ್ಲ, ಬೇರೊಬ್ಬ ಹೀಲರನ್ನು ಹುಡುಕಿಕೊಂಡರು ಅಷ್ಟೆ.

ನಿಮ್ಮ ಮನೆಯ ಹುಡುಗನ ಬಗ್ಗೆ ಎಲ್ಲಿ ಗಾಬರಿಯಾಗಬೇಕು ಅಂತ ಕೇಳುತ್ತೀರಾ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಆಟದ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಆಡುವುದರ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಕೆಡುಕು ಕಣ್ಣಿಗೆ ಕಂಡರೂ ಬಿಡಲಾಗದಿರುವುದು ಅದರ ಲಕ್ಷಣಗಳು. ಸಾಮಾನ್ಯವಾಗಿ ಒಂದು ವರ್ಷ ಹೀಗೇ ನಡೆದಿದ್ದರೆ ಕಾಯಿಲೆ ಅನ್ನುತ್ತಾರೆ, ಆದರೆ ಮಾತಾಡಲು ವರ್ಷ ಕಾಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 'ಶಟ್' ಹೆಸರಿನ ಕ್ಲಿನಿಕ್ 2014ರಲ್ಲಿ ಶುರುವಾಯಿತು. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳ ಮಾತೇ ಬೇರೆ. ಅವನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿತು. ವಾರ್‌ಕ್ರಾಫ್ಟ್ ಆ ಜಾತಿಯದಲ್ಲ, ತಿಂಗಳ ಚಂದಾ ಕಟ್ಟಿ ಆಡುವಂಥದ್ದು. ಆದರೂ ನಿಮ್ಮ ಕಾರ್ಡಿನ ನಂಬರ್ ಮಕ್ಕಳ ಕಂಪ್ಯೂಟರಿನಲ್ಲಿ ಉಳಿಸಿಡಬೇಡಿ.

ಇದೆಲ್ಲಕ್ಕೂ ಮೊದಲು, ಒಂದು ಸಂಜೆ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತು, "ಇದರಾಗ ನೀ ಯಾರು?" ಅಂತ ಕೇಳಿ. ಹೀಲರ್ ಅಂದರೆ ಅವನನ್ನು ನಂಬಿ ಎಷ್ಟು ಜನ ಇದ್ದಾರೆ ಅಂತ ಕೇಳಿ. ಯಾವ ದೇಶದವರು, ಅವರಿಗೆ ಈಗ ಎಷ್ಟು ಗಂಟೆ ಅಂತಲೂ ಕೇಳಿ. ಮೊದಲ ದಿನ ಉತ್ತರ ಮೊಟಕಾಗಿಯೇ ಬರುತ್ತದೆ. ಕೂತಿರಿ.

ತಮ್ಮ ಈಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಪಂಚಮಿಗೆ ಸೀರೆಯ ಬದಲು ನನ್ನ ಆಟದ ಚಂದಾ ಕಟ್ಟುತ್ತಾನೆ. ಭಾನುವಾರ ಮಧ್ಯಾಹ್ನ ಒಂದೂವರೆ ತಾಸು ನಮ್ಮದು. ಆ ಹೊತ್ತಿಗೆ ಅಡುಗೆಮನೆ ಯಜಮಾನರದು, ಕುಕ್ಕರಿನ ಸೀಟಿ ಎಷ್ಟು ಅಂತ ಅವರು ಇನ್ನೂ ಕೂಗಿ ಕೇಳುತ್ತಾರೆ. ಕಳೆದ ವಾರ ತಮ್ಮ ಎಂದಿನಂತೆ ಕೇಳಿದ: "ಅಕ್ಕಾ, ಇವತ್ತು ನೀ ಏನು?"

"ಇವತ್ತು ನಾ ಕರಡಿ. ಔಷಧ ನೀ ಹಾಕು" ಅಂದೆ.

ಎರಡು ಸಲ ಸತ್ತೆ. ಮೂರನೇ ಸಲ ಗುಹೆಯ ಕೊನೆಯವರೆಗೂ ಮುಂದೆ ನಿಂತದ್ದು ನಾನೇ.