ರಾಜಕುಮಾರನ ತಲೆಯಲ್ಲೊಂದು ಬಿಳಿ ಎಳೆ

ಒರಿಶಾ ಎಂಬ ಕಲ್ಪನೆಯ ರಾಜ್ಯದಲ್ಲಿ ಬಿಳಿ ಕೂದಲಿನ ಮಗು ಹುಟ್ಟಿದರೆ ಮನೆಯವರಿಗೆ ದಿಗಿಲು. ಮಾಂತ್ರಿಕರಾಗಬಲ್ಲ ಅಂಥವರನ್ನು ಡಿವೈನರ್‌ಗಳು ಎನ್ನುತ್ತಾರೆ. ಅವರಿಗೆ ಬೇರೆಯದೇ ತೆರಿಗೆ, ಕಟ್ಟಲಾಗದಿದ್ದರೆ ಜೀತ. ಹನ್ನೊಂದು ವರ್ಷದ ಹಿಂದೆ ರಾಜ ಸರಾನ್ ಮಾಂತ್ರಿಕರನ್ನೆಲ್ಲ ಕೊಲ್ಲಿಸಿದ್ದಾನೆ. ಆಗ ತಾಯಿಯನ್ನು ಮರಕ್ಕೆ ನೇತುಹಾಕಿದ್ದನ್ನು ಕಂಡ ಡಿವೈನರ್ ಜೆಲೀ ಈಗ ಹದಿಹರೆಯದ ಹುಡುಗಿ. ಹೆಚ್ಚಿದ ತೆರಿಗೆ ಕಟ್ಟಲೆಂದು ಲಾಗೋಸ್ ಪೇಟೆಗೆ ಹೋಗಿ ಮೀನು ಮಾರುತ್ತಾಳೆ.

ಟೋಮಿ ಅಡೆಯೆಮಿ ಅವರ 'ಚಿಲ್ಡ್ರನ್ ಆಫ್ ಬ್ಲಡ್ ಆ್ಯಂಡ್ ಬೋನ್' (2018) ಕಾದಂಬರಿಯ ಲಾಗೋಸ್ ಕಲ್ಪನೆಯ ಊರಾದರೂ ಹೆಸರು ನೈಜೀರಿಯಾದ್ದೇ. ಇಬಾದಾನ್, ಇಲೋರಿನ್ ಕೂಡ ಹಾಗೆಯೇ. ನೈಜೀರಿಯಾ ಮೂಲದ ಈ ಅಮೆರಿಕನ್ ಲೇಖಕಿ ಹಾರ್ವರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು. ಆಮೇಲೆ ಪಶ್ಚಿಮ ಆಫ್ರಿಕಾದ ಪುರಾಣಗಳನ್ನು ಅಭ್ಯಾಸ ಮಾಡಲು ಹೋದದ್ದು ಬ್ರೆಜಿಲ್‌ನ ಸಾಲ್ವಡಾರ್‌ಗೆ. ವಿಚಿತ್ರವೇನಲ್ಲ: ಗುಲಾಮರಾಗಿ ಹಡಗು ಹತ್ತಿದ ಯೊರುಬಾ ಜನರ ಜೊತೆ ಅವರ ದೇವತೆಗಳೂ ಸಮುದ್ರ ದಾಟಿ ಅಲ್ಲಿ ನೆಲೆಸಿದ್ದರು. ನೀರಿನ ಯೆಮೋಜಾ, ಬೆಂಕಿಯ ಶಾಂಗೋ ಕಾದಂಬರಿಗೆ ಬಂದದ್ದು ಆ ಪರಂಪರೆಯಿಂದ. ಮಂತ್ರಗಳೂ ಯೊರುಬಾದಲ್ಲೇ ಇವೆ.

ಅರಮನೆಯಲ್ಲಿ ಬಿಂಟಾ ಎಂಬ ಡಿವೈನರ್ ದಾಸಿ ಹಳೆಯ ಸುರುಳಿಯೊಂದನ್ನು ಮುಟ್ಟುತ್ತಾಳೆ. ಕೈಯಿಂದ ಬೆಳಕು ಚಿಮ್ಮುತ್ತದೆ. ರಾಜ ಆಕೆಯನ್ನು ಅಲ್ಲೇ ಕೊಲ್ಲುತ್ತಾನೆ. ಇದನ್ನು ಕಂಡ ರಾಜನ ಮಗಳು ಅಮಾರಿ ಸುರುಳಿ ಕದ್ದು ಓಡಿ, ಪೇಟೆಯಲ್ಲಿ ಜೆಲೀಯ ಕೈ ಹಿಡಿದು ಕಾಪಾಡೆಂದು ಬೇಡುತ್ತಾಳೆ.

ನನ್ನನ್ನು ಹೆಚ್ಚು ಕಾಡಿದ್ದು ಈ ಹುಡುಗಿಯರಲ್ಲ, ಅವರ ಬೆನ್ನಟ್ಟುವ ರಾಜಕುಮಾರ ಇನಾನ್. ಬೇಟೆಗೆ ಹೊರಟವನ ತಲೆಯಲ್ಲೇ ಒಂದು ಬಿಳಿ ಎಳೆ ಮೂಡುತ್ತದೆ, ನಿಷೇಧಿತ ಶಕ್ತಿ ಮೈಯೊಳಗೆ ಏಳುತ್ತದೆ. ಅದನ್ನು ಶಿರಸ್ತ್ರಾಣದಡಿ ಮುಚ್ಚಿ, ಅಪ್ಪನ ಆಟದ ಕಾಯಿಯೊಂದನ್ನು ಮುಷ್ಟಿಯಲ್ಲಿ ಹಿಚುಕುತ್ತಾ ಕರ್ತವ್ಯವನ್ನು ಜಪಿಸುತ್ತಾನೆ. ಸರಾನ್‌ನ ಕ್ರೌರ್ಯಕ್ಕೂ ಹಿನ್ನೆಲೆಯಿದೆ: ಅವನ ಮೊದಲ ಸಂಸಾರ ಮಾಂತ್ರಿಕರ ಕೈಯಲ್ಲಿ ಸತ್ತಿತ್ತು. ಹಾಗಾಗಿ ಮಗನ ಭಯಕ್ಕೆ ಬಲವಿದೆ. ಜೆಲೀ, ಅಮಾರಿ, ಇನಾನ್ ಸರದಿಯಲ್ಲಿ ಕಥೆ ಹೇಳುವುದರಿಂದ ಅವನ ದ್ವೇಷ ಎಷ್ಟರಮಟ್ಟಿಗೆ ಹೆದರಿಕೆ ಎಂಬುದು ನಮಗೆ ಅವನಿಗಿಂತ ಮೊದಲೇ ಗೊತ್ತಾಗುತ್ತದೆ.

ಅವನಿಗೂ ಜೆಲೀಗೂ ಹುಟ್ಟುವ ಪ್ರೇಮ ಮಾತ್ರ ಅವಸರದ್ದು. ಅಷ್ಟು ರಕ್ತ ಹರಿದ ಮೇಲೆ ಇಷ್ಟು ಬೇಗ ಮನಸ್ಸು ಕರಗೀತೇ?

ನಿರಾಯುಧ ಕಪ್ಪುಜನರನ್ನು ಪೊಲೀಸರು ಗುಂಡಿಕ್ಕಿ ಕೊಂದ ಸುದ್ದಿಗಳ ನಡುವೆ ಇದನ್ನು ಬರೆದೆನೆಂದು ಲೇಖಕಿ ಪುಸ್ತಕದ ಕೊನೆಯಲ್ಲಿ ಹೇಳಿಕೊಂಡಿದ್ದಾರೆ. ಆ ಮಾತು ಇಲ್ಲದಿದ್ದರೂ ಡಿವೈನರ್ ತೆರಿಗೆಯ ಪುಟಗಳೇ ಅದನ್ನು ಹೇಳುತ್ತಿದ್ದವು. ಕಥೆ 2019 ಮತ್ತು 2024ರಲ್ಲಿ ಬಂದ ಇನ್ನೆರಡು ಸಂಪುಟಗಳಿಗೆ ಹಬ್ಬಿದೆ; ಅವಸರವಿಲ್ಲದವರು ಮೊದಲನೆಯದರಲ್ಲಿ ಇನಾನ್‌ನ ಅಧ್ಯಾಯಗಳನ್ನು ಇನ್ನೊಮ್ಮೆ ಓದಿ ಮುಂದೆ ಹೋಗಲಿ.