ಫೋಟೊದಲ್ಲಿ ಕೆಂಪು ದಗಲೆ ಮಾತ್ರ ಆರಿಸುವುದು ಹೇಗೆ?

ಪ್ರಶ್ನೆ: ಬಡಗುತಿಟ್ಟಿನ ಯಕ್ಷಗಾನ ವೇಷದ ಫೋಟೊದಿಂದ ಕೆಂಪು ದಗಲೆಯನ್ನಷ್ಟೇ (ಮೇಲಂಗಿ) ಬೇರ್ಪಡಿಸಬೇಕು. ಷರತ್ತುಗಳನ್ನು ‘ಆ್ಯಂಡ್’ ಎಂದು ಜೋಡಿಸಿದರೆ ಪೈಥಾನ್ ದೋಷ ತೋರಿಸುತ್ತದೆ, ಯಾಕೆ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಕಂಪ್ಯೂಟರಿಗೆ ಫೋಟೊ ಎಂದರೆ ಸಂಖ್ಯೆಗಳ ಕೋಷ್ಟಕ. ಚಿತ್ರ ಸಂಸ್ಕರಣೆಯ ಲೈಬ್ರರಿಯಾದ ಓಪನ್‌ಸಿವಿಯಲ್ಲಿ ಅದನ್ನು ಎಚ್‌ಎಸ್‌ವಿಗೆ ಬದಲಾಯಿಸಿದರೆ ಪ್ರತಿ ಪಿಕ್ಸೆಲ್‌ಗೂ ವರ್ಣ, ಗಾಢತೆ, ಹೊಳಪು ಎಂಬ ಮೂರು ಅಂಕಿ ಸಿಗುತ್ತವೆ. ವರ್ಣದ ಅಳತೆ 0ಯಿಂದ 179ರವರೆಗೆ. ಅದು ಸುತ್ತಿ ಬರುವ ಅಳತೆಯಾದ್ದರಿಂದ ಕೆಂಪು ಎರಡೂ ತುದಿಗಳಲ್ಲಿದೆ. ಹಾಗಾಗಿ ‘ವರ್ಣ 10ಕ್ಕಿಂತ ಕಡಿಮೆ ಅಥವಾ 170ಕ್ಕಿಂತ ಹೆಚ್ಚು’ ಎಂದು ಕೇಳಬೇಕು. ಜತೆಗೆ ‘ಗಾಢತೆ 100ಕ್ಕಿಂತ ಹೆಚ್ಚು’ ಎಂಬ ಷರತ್ತೂ ಇರಲಿ. ಇಲ್ಲದಿದ್ದರೆ ಮಾಸಲು ಹಿನ್ನೆಲೆಯೂ ನುಸುಳುತ್ತದೆ.

ಪ್ರತಿ ಹೋಲಿಕೆಯಿಂದ ಸಿಗುವುದು ಪಿಕ್ಸೆಲ್‌ಗೊಂದರಂತೆ ಹೌದು, ಅಲ್ಲಗಳ ಇಡೀ ಕೋಷ್ಟಕ. ‘ಆ್ಯಂಡ್’ ಅದಕ್ಕೆಲ್ಲ ಸೇರಿ ಒಂದೇ ಉತ್ತರ ಕೇಳುತ್ತದೆ, ಪೈಥಾನ್‌ನಲ್ಲಿ ಈ ಕೋಷ್ಟಕಗಳನ್ನು ನಿಭಾಯಿಸುವ ನಂಪೈ ಲೈಬ್ರರಿ ಅದಕ್ಕೆ ಒಪ್ಪುವುದಿಲ್ಲ. ಪಿಕ್ಸೆಲ್ ಪಿಕ್ಸೆಲ್‌ಗೂ ಜೋಡಿಸಲು ‘ಮತ್ತು’ಗೆ &, ‘ಅಥವಾ’ಗೆ | ಬಳಸಿ. ಇವು ಹೋಲಿಕೆ ಚಿಹ್ನೆಗಳಿಗಿಂತ ಮೊದಲೇ ಜಾರಿಯಾಗುತ್ತವೆ, ಆದ್ದರಿಂದ ಆವರಣ ಬಿಡಬೇಡಿ:

((ವರ್ಣ < 10) | (ವರ್ಣ > 170)) & (ಗಾಢತೆ > 100)

ಓಪನ್‌ಸಿವಿಗೆ ಮಾಸ್ಕ್ ಆಗಿ ಕೊಡುವ ಮುನ್ನ ‘ಹೌದು’ ಇದ್ದಲ್ಲಿ 255, ‘ಅಲ್ಲ’ ಇದ್ದಲ್ಲಿ 0 ಇಟ್ಟು ಎಂಟು ಬಿಟ್ಟಿನ ಕೋಷ್ಟಕ ಮಾಡಿಕೊಳ್ಳಿ.

ಸೊಂಟದ ಕೆಳಗೆ ಉಡುವ ಕಸೆ ಸೀರೆಯ ಕೆಂಪು ಚೌಕುಳಿಯೂ ಆಯ್ಕೆಯಾದರೆ, ‘ಸೊಂಟದಿಂದ ಮೇಲಿನ ಸಾಲುಗಳು ಮಾತ್ರ’ ಎಂಬ ಇನ್ನೊಂದು ಹೋಲಿಕೆಯನ್ನು & ಹಾಕಿ ಸೇರಿಸಿ. ರಂಗಸ್ಥಳದ ಹಳದಿ ಬೆಳಕಿನಲ್ಲಿ ಕೆಂಪು ಕಿತ್ತಳೆಯತ್ತ ಸರಿಯುತ್ತದೆ. ಅಂಥ ಫೋಟೊಕ್ಕೆ 10ರ ಬದಲು 15 ಹಾಕಿ ನೋಡಿ.