ಮಾತ್ರೆ ಯಾರಿಗೆ ಬೇಕು?

ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮೊದಲು ಸಿಕ್ಕಿದ್ದು ಅಕ್ಕಿಗೆ ಹಿಡಿದ ಬೂಷ್ಟಿನಲ್ಲಿ. ಟೋಕಿಯೊದ ಸಾಂಕ್ಯೊ ಔಷಧ ಕಂಪನಿಯಲ್ಲಿದ್ದ ಜೀವರಸಾಯನ ವಿಜ್ಞಾನಿ ಅಕಿರ ಎಂಡೊ 1971ರಿಂದ ಸುಮಾರು 6,000 ಬಗೆಯ ಸೂಕ್ಷ್ಮಜೀವಿಗಳನ್ನು ಜಾಲಾಡಿದರು. ದೇಹದಲ್ಲಿ ಕೊಲೆಸ್ಟ್ರಾಲ್ ತಯಾರಿಸುವ ಕಿಣ್ವವನ್ನು ತಡೆಯುವ ವಸ್ತು ಅವರಿಗೆ ಬೇಕಿತ್ತು. ಕ್ಯೋಟೊದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿದ್ದ ನೀಲಿಹಸಿರು ಬೂಷ್ಟಿನಿಂದ 1973ರಲ್ಲಿ ಅದು ದಕ್ಕಿತು. ಆದರೆ ಇಲಿಗಳಿಗೆ ಕೊಟ್ಟು ನೋಡಿದರೆ ಏನೂ ಆಗಲಿಲ್ಲ. ಎಂಡೊ ಪಟ್ಟು ಬಿಡಲಿಲ್ಲ. ಮೊಟ್ಟೆ ಇಡುವ ಕೋಳಿಗಳಿಗೆ ಕೊಟ್ಟರು. ಕೊಲೆಸ್ಟ್ರಾಲ್ ಸರ್ರನೆ ಇಳಿಯಿತು. ‘ಕೆಟ್ಟ ಕೊಲೆಸ್ಟ್ರಾಲ್’ ಎಂದು ಹೆಸರಾದ ಎಲ್‌ಡಿಎಲ್ ಇಲಿಯ ರಕ್ತದಲ್ಲಿರುವುದೇ ಅತ್ಯಲ್ಪ, ಇಳಿಯುವುದಕ್ಕೆ ಏನಿದೆ?

ನಮ್ಮ ರಕ್ತದಲ್ಲಿರುವ ಕೊಲೆಸ್ಟ್ರಾಲಿನ ಬಹುಪಾಲು ದೇಹವೇ ಮಾಡಿಕೊಂಡದ್ದು. ಸ್ಟಾಟಿನ್ ತೆಗೆದುಕೊಂಡಾಗ ಪಿತ್ತಜನಕಾಂಗದಲ್ಲಿ ಈ ತಯಾರಿಕೆ ತಗ್ಗುತ್ತದೆ. ಕೊರತೆ ತುಂಬಿಕೊಳ್ಳಲು ಅದು ರಕ್ತದಿಂದ ಎಲ್‌ಡಿಎಲ್ ಕಣಗಳನ್ನು ಎಳೆದುಕೊಳ್ಳುತ್ತದೆ. ಹೀಗೆ ಎಳೆದುಕೊಳ್ಳುವ ಗ್ರಾಹಕಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಸಿಕ್ಕಿತು. ಮೊದಲ ಸ್ಟಾಟಿನ್ ಮಾತ್ರೆ 1987ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಹೃದ್ರೋಗವಿದ್ದ 4,444 ಜನರ ಮೇಲೆ ಉತ್ತರ ಯುರೋಪಿನ ದೇಶಗಳಲ್ಲಿ ನಡೆದ ಪರೀಕ್ಷೆಯ ಫಲಿತಾಂಶ 1994ರಲ್ಲಿ ಹೊರಬಿತ್ತು: ಸ್ಟಾಟಿನ್ ತೆಗೆದುಕೊಂಡವರಲ್ಲಿ ಸಾವು ಶೇಕಡ 30ರಷ್ಟು ಕಡಿಮೆ.

ಮದ್ದು ಕೆಲಸ ಮಾಡುತ್ತದೆ ಎಂಬ ವಾದ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಇನ್ನೂ ಹೃದಯಾಘಾತವೇ ಆಗದವರಲ್ಲಿ ಯಾರಿಗೆ ಕೊಡಬೇಕು ಎಂಬುದು ಮಾತ್ರ ಬೇರೆಯೇ ಪ್ರಶ್ನೆ. ಅದಕ್ಕೆ ಉತ್ತರದ ದಾರಿ ತೋರಿಸಿದ್ದು ಬಾಸ್ಟನ್ ಬಳಿಯ ಫ್ರಾಮಿಂಗ್‌ಹ್ಯಾಮ್ ಪಟ್ಟಣ. ಅಲ್ಲಿನ 5,209 ಜನರನ್ನು 1948ರಿಂದ ವರ್ಷಾನುಗಟ್ಟಲೆ ಪರೀಕ್ಷಿಸುತ್ತ ಹೋದಾಗ, ಬಿಪಿ, ಧೂಮಪಾನ, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್ ಇವೆಲ್ಲ ಸೇರಿಯೇ ಅಪಾಯ ಏರುತ್ತದೆ ಎಂಬುದು ಸ್ಪಷ್ಟವಾಯಿತು. ಇವನ್ನೆಲ್ಲ ಕೂಡಿಸಿ ಅಪಾಯವನ್ನು ಅಂದಾಜಿಸುವ ಸೂತ್ರಗಳು ಬಂದದ್ದು ಹೀಗೆ.

ಒಂದು ಲೆಕ್ಕ ನೋಡಿ. ಇಬ್ಬರ ಎಲ್‌ಡಿಎಲ್ ಕೂಡ ಡೆಸಿಲೀಟರಿಗೆ 150 ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ಒಬ್ಬಾಕೆಗೆ 42 ವರ್ಷ, ಬಿಪಿ ಸರಿಯಾಗಿದೆ, ಹತ್ತು ವರ್ಷದೊಳಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗುವ ಸಂಭವ ಶೇಕಡ 2. ಇನ್ನೊಬ್ಬರಿಗೆ 61, ಸಿಗರೇಟು ಬಿಟ್ಟಿಲ್ಲ, ಬಿಪಿ ಹೆಚ್ಚು. ಅವರ ಸಂಭವ ಶೇಕಡ 20. ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದರೆ ಅಪಾಯ ಸುಮಾರು ಐದನೇ ಒಂದು ಪಾಲು ತಗ್ಗುತ್ತದೆ. ಆಕೆಯಂಥ ಸಾವಿರ ಮಂದಿ ಹತ್ತು ವರ್ಷ ಮಾತ್ರೆ ನುಂಗಿದರೆ ಪಾರಾಗುವವರು ನಾಲ್ವರು. ಆತನಂಥ ಸಾವಿರ ಮಂದಿಯಲ್ಲಿ ನಲವತ್ತು. ‘ಅಪಾಯ ಶೇಕಡ 20 ಇಳಿಕೆ’ ಎಂಬ ಜಾಹೀರಾತು ಇಬ್ಬರಿಗೂ ಒಂದೇ ಮಾತು ಹೇಳುತ್ತದೆ.

ಕೆಲವರಿಗೆ ಈ ಲೆಕ್ಕಾಚಾರವೇ ಬೇಡ. ಈಗಾಗಲೇ ಹೃದಯಾಘಾತವಾದವರು, ಎಲ್‌ಡಿಎಲ್ 190 ದಾಟಿದವರು, ನಲವತ್ತು ದಾಟಿದ ಸಕ್ಕರೆ ಕಾಯಿಲೆಯವರು ಸಾಮಾನ್ಯವಾಗಿ ನೇರ ಮಾತ್ರೆಯ ಸಾಲಿಗೆ.

ನಮ್ಮವರ ವಿಷಯಕ್ಕೆ ಬಂದರೆ ಈ ಸೂತ್ರಗಳ ಮೇಲೆ ಪೂರ್ತಿ ಭರವಸೆ ಇಡುವಂತಿಲ್ಲ. ಫ್ರಾಮಿಂಗ್‌ಹ್ಯಾಮ್‌ನಲ್ಲಿದ್ದವರು ಬಹುತೇಕ ಬಿಳಿಯರು. 52 ದೇಶಗಳನ್ನು ಒಳಗೊಂಡು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ಮಧ್ಯಮ ವಯಸ್ಸು 53 ಎಂದು ಕಂಡಿತು. ಉಳಿದವರಲ್ಲಿ ಅದು ಸುಮಾರು 59. ಸೂತ್ರಗಳಲ್ಲಿ ಎಲ್ಲಕ್ಕಿಂತ ತೂಕ ವಯಸ್ಸಿಗೆ. ಹಾಗಾಗಿ ಸಿಗರೇಟು ಸೇದುವ, ತಂದೆಯನ್ನು ಐವತ್ತರೊಳಗೇ ಹೃದಯಾಘಾತದಲ್ಲಿ ಕಳೆದುಕೊಂಡ 38ರ ಯುವಕನಿಗೂ ಅವು ‘ಅಪಾಯ ಕಡಿಮೆ’ ಎಂದು ಹೇಳಿ ಕಳಿಸಬಹುದು. ಇದು ಸಣ್ಣ ದೋಷವಲ್ಲ. ಬ್ರಿಟನ್ನಿನ ಕ್ಯೂರಿಸ್ಕ್ ಸೂತ್ರ ಭಾರತೀಯ ಮೂಲವನ್ನೂ ಕೇಳಿ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತದೆ. ಅಮೆರಿಕದ 2018ರ ಮಾರ್ಗಸೂಚಿ ದಕ್ಷಿಣ ಏಷ್ಯಾ ಮೂಲವನ್ನು ಅಪಾಯ ಹೆಚ್ಚಿಸುವ ಅಂಶವೆಂದೇ ಪಟ್ಟಿ ಮಾಡಿದೆ.

ಇನ್ನು ಮೈಕೈ ನೋವಿನ ದೂರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು, ಅಡ್ಡಪರಿಣಾಮ ತಾಳಲಾರದೆ ಸ್ಟಾಟಿನ್ ಬಿಟ್ಟಿದ್ದ 60 ಜನರನ್ನು ಸೇರಿಸಿದರು. ಒಂದು ತಿಂಗಳು ಸ್ಟಾಟಿನ್, ಒಂದು ತಿಂಗಳು ಮದ್ದಿಲ್ಲದ ಹುಸಿ ಮಾತ್ರೆ, ಒಂದು ತಿಂಗಳು ಬರೀ ಖಾಲಿ ಡಬ್ಬಿ, ಹೀಗೆ ಕಲಸುಮೇಲೋಗರವಾಗಿ ವರ್ಷವಿಡೀ ಕೊಟ್ಟರು. ಸ್ಟಾಟಿನ್ನಿನಿಂದ ಬಂತೆಂದುಕೊಂಡ ತೊಂದರೆಯಲ್ಲಿ ಶೇಕಡ 90ರಷ್ಟು ಹುಸಿ ಮಾತ್ರೆಯಲ್ಲೂ ಬಂತು! ನೋವು ಸುಳ್ಳಲ್ಲ, ಕಾರಣ ಮಾತ್ರ ಬಹುಪಾಲು ಬೇರೆ. ಸ್ನಾಯುಗಳಿಗೆ ನಿಜವಾದ ಹಾನಿ ಅಪರೂಪಕ್ಕೆ ಆಗುವುದುಂಟು, ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರಲ್ಲಿ ಅದು ಬರುವ ಸಂಭವವೂ ತುಸು ಹೆಚ್ಚುತ್ತದೆ. ಹಾಗೆಂದು ವೈದ್ಯರನ್ನು ಕೇಳದೆ ತಾವಾಗಿಯೇ ಮಾತ್ರೆ ನಿಲ್ಲಿಸುವುದು ತಪ್ಪು.

ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಮೊದಲ ಕೊಲೆಸ್ಟ್ರಾಲ್ ಪರೀಕ್ಷೆಗೆ ಉಪವಾಸ ಬೇಕಿಲ್ಲ. ವಂಶವಾಹಿಯಲ್ಲೇ ಬರುವ ಲಿಪೊಪ್ರೋಟೀನ್-ಎ ಪ್ರಮಾಣವನ್ನೂ ಒಮ್ಮೆಯಾದರೂ ನೋಡಿಸಿಕೊಳ್ಳಬೇಕು. ವೈದ್ಯರ ಬಳಿ ಹೋದಾಗ ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಯಾವ ವಯಸ್ಸಿನಲ್ಲಿ ಹೃದಯದ ತೊಂದರೆ ಬಂತೆಂದು ಮರೆಯದೆ ಹೇಳಿ. ಲ್ಯಾಬ್ ರಿಪೋರ್ಟಿನಲ್ಲಿ ಆ ಮಾಹಿತಿ ಇರುವುದಿಲ್ಲ.